ಕಾರ್ಡ್ ಸಾಲ ತೀರಿಸಿದ ಲೆಕ್ಕ

ಊರಲ್ಲಿ ಯಾರಾದರೂ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ ಅಂದರೆ ಆ ಸಾಲದ ಸಹವಾಸವೇ ಬೇಡ ಅನ್ನುತ್ತೇವೆ. ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳ ದರ ಇದೇ ಆಸುಪಾಸು: ತಿಂಗಳಿಗೆ ಶೇ. 3.5, ವರ್ಷಕ್ಕೆ ಶೇ. 42. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ. 1 ಲಕ್ಷ ಬಾಕಿ ಇದ್ದರೆ ತಿಂಗಳ ಬಡ್ಡಿ 3,500, ಜಿಎಸ್‌ಟಿ 630, ಒಟ್ಟು 4,130 ರೂಪಾಯಿ. ‘ಮಿನಿಮಮ್ ಡ್ಯೂ’, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಶೇ. 5ರ ಲೆಕ್ಕದಲ್ಲಿ 5,000 ಅಂತಿಟ್ಟುಕೊಳ್ಳಿ. ಅಷ್ಟನ್ನು ತಪ್ಪದೆ ಕಟ್ಟಿದರೂ ಅಸಲಿಗೆ ಹೋಗುವುದು ಬರೀ 870 ರೂಪಾಯಿ. ಹಳೆ ಬಾಕಿ ಉಳಿದಿರುವಷ್ಟು ದಿನ ಹೊಸ ಖರೀದಿಗೆ ಬಡ್ಡಿರಹಿತ ಅವಧಿಯೂ ಸಿಗುವುದಿಲ್ಲ. ಇವತ್ತು ತಂದ ಹಾಲಿಗೂ ಇವತ್ತಿನಿಂದಲೇ ಬಡ್ಡಿ.

ಹಾಗಾಗಿ ನನ್ನ ಕಾರ್ಡ್ ಸಾಲ ತೀರಿಸಲು ನಾನು ಮೊದಲು ಮಾಡಿದ್ದು ಕಾರ್ಡ್ ಬಳಕೆ ಪೂರ್ತಿ ನಿಲ್ಲಿಸಿದ್ದು. ಪರ್ಸ್‌ನಿಂದ ತೆಗೆದಿಟ್ಟರೆ ಸಾಲದು. ಶಾಪಿಂಗ್, ಊಟ, ಕ್ಯಾಬ್ ಆ್ಯಪ್‌ಗಳಲ್ಲಿ ಉಳಿಸಿದ ಕಾರ್ಡನ್ನು ಅಳಿಸಬೇಕು, ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡನ್ನು ಬಿಡಿಸಬೇಕು, ಒಟಿಟಿ ಚಂದಾ, ವಿಮೆ ಕಂತುಗಳ ಆಟೋಪೇ (ತಾನಾಗಿಯೇ ಹಣ ಕಡಿತವಾಗುವ ವ್ಯವಸ್ಥೆ) ರದ್ದು ಮಾಡಬೇಕು. ಈ ಕೊನೆಯದನ್ನು ಮರೆತರೆ ತೀರಿದ ಕಾರ್ಡ್‌ಗೆ 199 ರೂಪಾಯಿಯ ಬಿಲ್ ಬಂದು, ಗಮನಿಸದೆ ಲೇಟ್ ಫೀ ಬೀಳಬಹುದು.

ಎರಡನೆಯದು, ಬಾಕಿಯನ್ನು ಕಡಿಮೆ ಬಡ್ಡಿಗೆ ಸಾಗಿಸುವುದು. ಇಡೀ ಕೆಲಸದ ತಿರುಳು ಇಲ್ಲಿದೆ. ಅದೇ 1 ಲಕ್ಷವನ್ನು ಶೇ. 14ರ ಪರ್ಸನಲ್ ಲೋನ್‌ಗೆ ಬದಲಾಯಿಸಿದರೆ 24 ತಿಂಗಳಿಗೆ ಕಂತು ಸುಮಾರು 4,800 ರೂಪಾಯಿ. ಕಾರ್ಡ್‌ನ ಮಿನಿಮಮ್‌ಗಿಂತಲೂ ಕಡಿಮೆ ಕಟ್ಟಿ ಎರಡು ವರ್ಷಕ್ಕೆ ಸಾಲ ಮುಗಿಯುತ್ತದೆ. ಒಟ್ಟು ಬಡ್ಡಿ 15,200ರಷ್ಟು. ಪ್ರೊಸೆಸಿಂಗ್ ಶುಲ್ಕ ಎಷ್ಟು, ಮುಂಚೆಯೇ ತೀರಿಸಿದರೆ ದಂಡ ಎಷ್ಟು ಎಂದು ಸಹಿಗೆ ಮೊದಲೇ ಕೇಳಿಕೊಳ್ಳಿ. ಸಂಬಳದ ಖಾತೆ ಇರುವ ಬ್ಯಾಂಕ್, ನೌಕರರ ಸಹಕಾರ ಸಂಘ, ಎರಡರಲ್ಲೂ ವಿಚಾರಿಸಬೇಕು. ಮನೆಯ ಚಿನ್ನ ಅಡವಿಟ್ಟರೆ ದರ ಇನ್ನೂ ಇಳಿಯಬಹುದು. ಆದರೆ ಪ್ರತಿ ವರ್ಷ ಬಡ್ಡಿ ಮಾತ್ರ ಕಟ್ಟಿ ನವೀಕರಿಸುತ್ತಾ ಹೋದರೆ ಅಸಲು ಹಾಗೇ ಕೂತಿರುತ್ತದೆ. ಅದಕ್ಕೇ ತಿಂಗಳ ಕಂತಿನ ಸಾಲವೇ ನನಗೆ ಒಪ್ಪಿಗೆ. ಬೇರೆಡೆ ಸಾಲ ಹುಟ್ಟದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗೇ ಬಾಕಿಯನ್ನೆಲ್ಲ ಇಎಂಐ ಮಾಡಿಕೊಡಲು ಬರವಣಿಗೆಯಲ್ಲಿ ಕೇಳಿ.

‘ಅರ್ಧ ಕಟ್ಟಿ, ಮುಗಿಸಿಬಿಡೋಣ’ ಎನ್ನುವ ಬ್ಯಾಂಕಿನ ಸೆಟಲ್‌ಮೆಂಟ್‌ಗೆ ನಾನು ಒಪ್ಪುವುದಿಲ್ಲ. ನಮ್ಮ ಸಾಲಗಳ ಚರಿತ್ರೆ ಇರುವ ಕ್ರೆಡಿಟ್ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ದಾಖಲಾಗಿ ಮುಂದೆ ಮನೆ ಸಾಲಕ್ಕೆ ಅಡ್ಡ ಬರುತ್ತದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮೀರಿದರೆ ಮೊದಲು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ.

ಹಳೆ ಬಾಕಿ ಇದ್ದ ಕಾರ್ಡ್‌ನ ಬಿಲ್ ಪೂರ್ತಿ ಕಟ್ಟಿದ ಮೇಲೂ ಮುಂದಿನ ಬಿಲ್‌ನಲ್ಲಿ ನೂರಾರು ರೂಪಾಯಿ ಬಡ್ಡಿ ಕಂಡು ಅನೇಕರು ಗಾಬರಿಯಾಗುತ್ತಾರೆ. ಬಿಲ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಅದು. ಅದನ್ನೂ ಕಟ್ಟಿ, ಎರಡು ಬಿಲ್ ಸತತವಾಗಿ ಸೊನ್ನೆ ಬಂದ ಮೇಲೆಯೇ ಸಾಲ ತೀರಿತು ಅಂತ ನಾನು ಎಣಿಸುವುದು.

ಈಗ ಒಂದೇ ಕಾರ್ಡ್ ಉಳಿಸಿಕೊಂಡಿದ್ದೇನೆ. ಅದರ ಮಿತಿಯನ್ನು ಒಂದು ತಿಂಗಳ ಸಂಬಳದ ಅರ್ಧಕ್ಕಿಂತ ಕಡಿಮೆ ಮಾಡಿಸಿದ್ದೇನೆ. ಕಾರ್ಡ್ ಬಿಲ್‌ಗೆ ಆಟೋಪೇ ಹಾಕುವಾಗ ‘ಟೋಟಲ್ ಡ್ಯೂ’ (ಬಿಲ್‌ನ ಪೂರ್ತಿ ಮೊತ್ತ) ಆಯ್ಕೆಯಾಗಿದೆಯೇ ನೋಡಿ. ‘ಮಿನಿಮಮ್ ಡ್ಯೂ’ ಇದ್ದರೆ ಸದ್ದಿಲ್ಲದೆ ಬಡ್ಡಿ ಮತ್ತೆ ಶುರು. ಕೊನೆಯ ದಿನಾಂಕ ಸಂಬಳ ಬಂದ ನಾಲ್ಕೈದು ದಿನದೊಳಗೆ ಬೀಳುವಂತೆ ಬಿಲ್ಲಿಂಗ್ ದಿನಾಂಕ ಬದಲಾಯಿಸಿಕೊಂಡರೆ ಖಾತೆ ಖಾಲಿಯಾಗುವ ಭಯವಿಲ್ಲ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯಲೇಬೇಡಿ, ಮೊದಲ ದಿನದಿಂದಲೇ ಬಡ್ಡಿ, ಜೊತೆಗೆ ಶುಲ್ಕ.

ಉಳಿದ ಕಾರ್ಡ್‌ಗಳನ್ನು ಮುಚ್ಚಿಸುವಾಗ ಮೊದಲು ರಿವಾರ್ಡ್ ಪಾಯಿಂಟ್ ಬಳಸಿಕೊಂಡು, ಇಮೇಲ್‌ನಲ್ಲೇ ಕೋರಿಕೆ ಕಳಿಸಿ. ಬಾಕಿ ಇಲ್ಲದ ಕಾರ್ಡನ್ನು 7 ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕೆಂದು ಆರ್‌ಬಿಐನ ನಿಯಮ ಹೇಳುತ್ತದೆ. ಮುಚ್ಚಿದ ಉತ್ತರದ ಇಮೇಲ್ ಜೋಪಾನವಾಗಿಡಿ. ಒಂದೆರಡು ತಿಂಗಳ ನಂತರ, ಕ್ರೆಡಿಟ್ ವರದಿ ಕೊಡುವ ಸಂಸ್ಥೆಯಾದ ಸಿಬಿಲ್‌ನ ಜಾಲತಾಣದಲ್ಲಿ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ವರದಿ ತೆಗೆದು ನೋಡಿ. ಕಾರ್ಡ್ ಇನ್ನೂ ಚಾಲ್ತಿಯಲ್ಲಿದೆ ಎಂದಿದ್ದರೆ ಅದೇ ಜಾಲತಾಣದಲ್ಲಿ ತಕರಾರು ಸಲ್ಲಿಸಿ, ಬ್ಯಾಂಕಿಗೂ ಆ ಇಮೇಲ್ ಲಗತ್ತಿಸಿ ಬರೆಯಿರಿ.