ಕಷಾಯಕ್ಕೆ ತಟ್ಟೆ ಮುಚ್ಚಿ: ಮನೆಮದ್ದಿನಲ್ಲಿ ನನ್ನ ಅನುಭವ

ನಮ್ಮ ಮನೆಯಲ್ಲಿ ಮನೆಮದ್ದಿಗೆ ಅಂತ ಇಟ್ಟುಕೊಂಡಿರುವ ಸಾಮಾನು ಬಹಳ ಕಡಿಮೆ. ಶುಂಠಿ, ತುಳಸಿ, ಪುದೀನಾ, ಸೋಂಪು, ಲವಂಗ, ಜೇನುತುಪ್ಪ, ಇಸಬ್ಗೋಲ್, ಕುಂಡದಲ್ಲಿ ಒಂದು ಲೋಳೆಸರ. ಉಪ್ಪು, ಸಕ್ಕರೆ ಹೇಗೂ ಇರುತ್ತವೆ, ಅವೂ ಮದ್ದೇ. ಇದಕ್ಕಿಂತ ಜಾಸ್ತಿ ಬೇಕು ಅಂತ ನನಗೆ ಅನ್ನಿಸಿಲ್ಲ. ಡಬ್ಬಿಗಳು ಹೆಚ್ಚಾದಷ್ಟೂ ಯಾವುದು ಯಾವುದಕ್ಕೆ ಅನ್ನುವುದೇ ಮರೆತುಹೋಗುತ್ತದೆ. ನೂರು ಗಿಡದ ಹೆಸರು ಗೊತ್ತಿರುವುದಕ್ಕಿಂತ ಏಳೆಂಟು ಗಿಡದ ಗುಣ, ಅಳತೆ, ಮಿತಿ ಸರಿಯಾಗಿ ಗೊತ್ತಿರುವುದು ಮೇಲು.

ಇವನ್ನು ನಾನು ಬಳಸುವುದು ಸಣ್ಣಪುಟ್ಟ ತೊಂದರೆಗೆ ಮಾತ್ರ. ನೆಗಡಿ, ಕೆಮ್ಮು, ಗಂಟಲು ಕೆರೆತ, ಹೊಟ್ಟೆ ಉಬ್ಬರ, ವಾಕರಿಕೆ, ಮಲಬದ್ಧತೆ ಇಂಥವಕ್ಕೆ. ನೆಗಡಿಯಂತೂ ಮದ್ದು ಮಾಡಿದರೂ ಮಾಡದಿದ್ದರೂ ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಹಾಗಾದರೆ ಕಷಾಯ ಯಾಕೆ ಮಾಡಬೇಕು? ಆ ವಾರವನ್ನು ಕಳೆಯಬೇಕಲ್ಲ, ಅದಕ್ಕೆ. ಗಂಟಲಿಗೆ ಹಿತವಾದರೆ ರಾತ್ರಿ ನಿದ್ದೆ ಬರುತ್ತದೆ. ನಿದ್ದೆ ಬಂದರೆ ಬೆಳಗ್ಗೆ ಎದ್ದು ಓಡಾಡುವ ಶಕ್ತಿ ಇರುತ್ತದೆ. ಮನೆಮದ್ದಿನಿಂದ ನಾನು ಇದಕ್ಕಿಂತ ಹೆಚ್ಚು ಕೇಳುವುದಿಲ್ಲ.

ಗಿಡ ಯಾವುದು ಅನ್ನುವುದರಷ್ಟೇ ಅದನ್ನು ಹೇಗೆ ಮಾಡುತ್ತೀರಿ ಅನ್ನುವುದೂ ಮುಖ್ಯ. ತುಂಬಾ ಜನ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು, ಅರ್ಧಕ್ಕೆ ಇಳಿಯುವವರೆಗೆ ಕೊತಕೊತ ಕುದಿಸಿಬಿಡುತ್ತಾರೆ. ಬೇರು, ತೊಗಟೆ, ಗಟ್ಟಿ ಕಾಳಿಗೆ ಅದು ಸರಿ. ಎಲೆ, ಹೂವಿಗೆ ಸರಿ ಹೋಗುವುದಿಲ್ಲ. ತುಳಸಿ, ಪುದೀನಾದ ಗುಣದಲ್ಲಿ ದೊಡ್ಡ ಪಾಲು ಬೇಗ ಆವಿಯಾಗುವ ಎಣ್ಣೆಯದ್ದು. ಕುದಿಸುವಾಗ ಮನೆಯೆಲ್ಲ ಘಮ್ ಅಂದರೆ ನಮಗೆ ಖುಷಿ. ಆದರೆ ಲೋಟದಲ್ಲಿ ಇರಬೇಕಾದದ್ದು ಗಾಳಿಗೆ ಹೋಯಿತು ಅಂತಲೇ ಲೆಕ್ಕ.

ನಾನು ಮಾಡುವುದು ಹೀಗೆ. ನೀರು ಕುದಿ ಬಂದ ಕೂಡಲೇ ಒಲೆ ಆರಿಸುತ್ತೇನೆ. ಎಂಟು ಹತ್ತು ತುಳಸಿ ಎಲೆಯನ್ನು ಅಂಗೈಯಲ್ಲಿ ಸ್ವಲ್ಪ ಹಿಸುಕಿ ಹಾಕಿ, ತಕ್ಷಣ ತಟ್ಟೆ ಮುಚ್ಚಿ, ಹತ್ತು ನಿಮಿಷ ಮುಟ್ಟದೆ ಬಿಡುತ್ತೇನೆ. ತಟ್ಟೆ ಎತ್ತಿದಾಗ ಅದರ ಅಡಿಗೆ ಹನಿ ಕಟ್ಟಿರುತ್ತದೆ. ಒಂದು ಹನಿಯನ್ನು ಬೆರಳಿಗೆ ತಾಗಿಸಿ ಮೂಸಿ ನೋಡಿ, ತುಳಸಿ ವಾಸನೆ ಮೂಗಿಗೆ ಹೊಡೆಯುತ್ತದೆ. ಆ ಹನಿಗಳನ್ನು ಸಿಂಕಿಗೆ ಕೊಡವದೆ ಪಾತ್ರೆಗೇ ತಟ್ಟಿ ಬೀಳಿಸುತ್ತೇನೆ. ಹೀಗೆ ಮಾಡಿದ್ದು ನೋಡಲು ತೆಳ್ಳಗೆ, ತಿಳಿಯಾಗಿರುತ್ತದೆ. ಕಪ್ಪಗಿಲ್ಲ, ಕಹಿಯಿಲ್ಲ, ಇದೆಂಥ ಕಷಾಯ ಅಂತ ಮನೆಯವರಿಗೆ ಈಗಲೂ ಅನುಮಾನ. ಕುಡಿಯುವಾಗ ಮುಖ ಕಿವುಚಿದರೆ ಮಾತ್ರ ಮದ್ದು ಅನ್ನುವ ನಂಬಿಕೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ ನೋಡಿ.

ಶುಂಠಿಯ ಲೆಕ್ಕ ಬೇರೆ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಹಸಿ ಶುಂಠಿಯನ್ನು ಜಜ್ಜಿ, ಎರಡು ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸುತ್ತೇನೆ. ಜಜ್ಜಲೇಬೇಕು. ಸುಮ್ನೆ ಬಿಲ್ಲೆ ಮಾಡಿ ಹಾಕಿದರೆ ರಸ ಅಷ್ಟು ಬಿಡುವುದಿಲ್ಲ. ಒಣಶುಂಠಿಯಾದರೆ ಒಂದು ಚಿಟಿಕೆ ಪುಡಿ ಸಾಕು. ಒಣಗುವಾಗ ಶುಂಠಿಯ ಜಿಂಜರಾಲ್ ಅನ್ನುವ ಅಂಶದಲ್ಲಿ ಒಂದು ಪಾಲು ಶೋಗಾಲ್ ಆಗಿ ಬದಲಾಗುತ್ತದೆ, ಅದರ ಖಾರ ಇನ್ನೂ ಜಾಸ್ತಿ. ವಾಕರಿಕೆಗೆ ಶುಂಠಿ ಒಗ್ಗುತ್ತದೆ ಅನ್ನುವುದಕ್ಕೆ ಅಧ್ಯಯನಗಳ ಬೆಂಬಲವೂ ಇದೆ, ಮುಖ್ಯವಾಗಿ ಬಸಿರಿನ ಮೊದಲ ತಿಂಗಳುಗಳ ವಾಕರಿಕೆಗೆ. ಆದರೆ ಬಸುರಿಯರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಎದೆಯುರಿ ಇರುವವರಿಗೆ ಇದು ಆಗಿಬರದೆ ಇರಬಹುದು. ಪುದೀನಾ ಕೂಡ ಅಷ್ಟೇ. ಹೊಟ್ಟೆ ನುಲಿತಕ್ಕೆ ಒಳ್ಳೆಯದು, ಹುಳಿತೇಗಿಗೆ ಒಳ್ಳೆಯದಲ್ಲ.

ಮಾಡುವ ಕ್ರಮದಿಂದ ಎಷ್ಟು ವ್ಯತ್ಯಾಸ ಆಗಬಹುದು ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಚೀನಾದ ವಿಜ್ಞಾನಿ ತು ಯೂಯೂ ಅವರದ್ದು. ಮಲೇರಿಯಾಗೆ ಔಷಧ ಹುಡುಕುತ್ತಿದ್ದ ಅವರ ತಂಡಕ್ಕೆ ಒಂದು ಗಿಡದಿಂದ ಒಮ್ಮೆ ಫಲ ಸಿಕ್ಕರೆ ಇನ್ನೊಮ್ಮೆ ಸಿಗುತ್ತಿರಲಿಲ್ಲ. ಆಗ ಅವರು 4ನೇ ಶತಮಾನದಲ್ಲಿ ಗೆ ಹಾಂಗ್ ಎಂಬ ವೈದ್ಯ ಬರೆದಿಟ್ಟ ಕ್ರಮವನ್ನು ಮತ್ತೆ ನೋಡಿದರು. ಅದರಲ್ಲಿ ಕುದಿಸುವ ಮಾತೇ ಇಲ್ಲ. ಒಂದು ಹಿಡಿ ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಅಂತಿತ್ತು. ಬಿಸಿಗೆ ಸತ್ವ ಹಾಳಾಗುತ್ತಿರಬಹುದು ಅಂತ ಯೋಚಿಸಿ, ಕಡಿಮೆ ಶಾಖದಲ್ಲಿ ಸಾರ ತೆಗೆದರು. ಹಾಗೆ ಸಿಕ್ಕಿದ್ದೇ ಆರ್ಟೆಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಂತ ಮಲೇರಿಯಾಗೆ ಮನೆಯಲ್ಲಿ ಸೊಪ್ಪು ಹಿಂಡಿಕೊಂಡು ಕೂರಬೇಡಿ ಮತ್ತೆ. ಅದಕ್ಕೆ ಆಸ್ಪತ್ರೆಗೇ ಹೋಗಬೇಕು.

ಕೆಮ್ಮಿಗೆ ನನ್ನ ಮೊದಲ ಆಯ್ಕೆ ಜೇನುತುಪ್ಪ. ಮಲಗುವ ಮುಂಚೆ ಒಂದು ಚಮಚ, ಹಾಗೇ ನೆಕ್ಕುವುದು. ಕಷಾಯಕ್ಕೆ ಬೆರೆಸುವುದಾದರೆ ಅದು ಉಗುರುಬೆಚ್ಚಗಾದ ಮೇಲೆ ಬೆರೆಸುತ್ತೇನೆ, ಇಲ್ಲದಿದ್ದರೆ ಪರಿಮಳ ಹೋಗುತ್ತದೆ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯಲ್ಲೂ ಸಾಧಾರಣ ಕೆಮ್ಮಿಗೆ ಜೇನಿನ ಹೆಸರು ಇದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಒಂದು ಹನಿಯನ್ನೂ ಕೊಡಬಾರದು. ಜೇನಿನಲ್ಲಿ ಬಾಟ್ಯುಲಿಸಮ್ ಅನ್ನುವ ಗಂಭೀರ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆದುಕೊಳ್ಳುತ್ತದೆ, ಎಳೆ ಮಗುವಿನದ್ದು ತಡೆಯುವುದಿಲ್ಲ. ನಾಲಿಗೆಗೆ ಸ್ವಲ್ಪ ಸವರಿದರೆ ಏನಾಗುತ್ತೆ ಅನ್ನುವವರು ಎಲ್ಲ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಗಂಟಲಿಗೆ ಉಪ್ಪುನೀರು. ಒಂದು ಲೋಟ ಬೆಚ್ಚಗಿನ ನೀರು, ಅರ್ಧ ಚಮಚ ಉಪ್ಪು, ಬಾಯಿ ಮುಕ್ಕಳಿಸಿ ಉಗುಳುವುದು. ಹೇಳಲು ಇಷ್ಟೇ ಇದೆ.

ಮೂಗು ಕಟ್ಟಿದಾಗ ಮೆಂಥಾಲ್ ಮೂಸಿದರೆ ಮೂಗು ತೆರೆದಂತೆ ಅನ್ನಿಸುತ್ತದೆ, ಅಲ್ವಾ? ನಿಜವಾಗಿ ಮೂಗಿನೊಳಗಿನ ಜಾಗ ಅಷ್ಟೇ ಇರುತ್ತದೆ. ಮೆಂಥಾಲ್ ನಮ್ಮ ಚಳಿ ಗ್ರಹಿಸುವ ನರಗಳನ್ನು ತಟ್ಟುತ್ತದೆ, ತಂಪು ಗಾಳಿ ಒಳಗೆ ಬಂತು ಅಂತ ಮಿದುಳು ತಿಳಿದುಕೊಳ್ಳುತ್ತದೆ. ಹಾಗಂತ ನಾನು ಅದನ್ನು ಬಿಟ್ಟಿಲ್ಲ. ಹಿತ ಅನ್ನಿಸಿದರೆ ಸಾಕು. ಆದರೆ ಪುಟ್ಟ ಮಕ್ಕಳ ಮೂಗಿನ ಹತ್ತಿರ ಅದನ್ನು ಸವರುವುದಿಲ್ಲ, ಅವರಿಗೆ ಉಸಿರಾಟಕ್ಕೇ ತೊಂದರೆ ಆಗಬಹುದು. ಹಬೆ ತೆಗೆದುಕೊಳ್ಳುವುದೂ ನಮ್ಮಲ್ಲಿ ದೊಡ್ಡವರಿಗೆ ಮಾತ್ರ. ಮಗು ಟವೆಲ್ ಒಳಗೆ ಸುಮ್ಮನೆ ಕೂರುವುದಿಲ್ಲ. ಕಾಲು ತಾಗಿ ಬಿಸಿನೀರಿನ ಪಾತ್ರೆ ಮಗುಚಿದರೆ ನೆಗಡಿಗಿಂತ ನೂರು ಪಾಲು ದೊಡ್ಡ ಕಷ್ಟ.

ಭೇದಿಗೆ ನಾನು ಗಿಡಮೂಲಿಕೆ ಹುಡುಕುವುದೇ ಇಲ್ಲ. ಹೊಟ್ಟೆ ಕಟ್ಟಿಸುವುದಕ್ಕಿಂತ ಹೋದ ನೀರನ್ನು ತುಂಬುವುದು ಮುಖ್ಯ. ಓಆರ್‌ಎಸ್ ಪ್ಯಾಕೆಟ್ ಸಿಕ್ಕರೆ ಅದೇ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ಮಟ್ಟ ಅಂದರೆ ಚಾಕುವಿನಿಂದ ಮೇಲೆ ಸವರಿ ಸಮ ಮಾಡಿದ್ದು. ಸಕ್ಕರೆ ಬರೀ ರುಚಿಗೆ ಅಲ್ಲ, ಕರುಳು ಉಪ್ಪನ್ನೂ ಅದರ ಜೊತೆ ನೀರನ್ನೂ ಹೀರಿಕೊಳ್ಳಲು ಅದು ಬೇಕು. ಉಪ್ಪು ಜಾಸ್ತಿಯಾದರೆ ಅಪಾಯ. ಹಾಗಾಗಿ ಕೈಯಂದಾಜು ಇಲ್ಲಿ ನಡೆಯುವುದಿಲ್ಲ.

ಕೈ ಸುಟ್ಟಾಗ ಮೊದಲು ನಲ್ಲಿ ತಿರುಗಿಸಿ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯುತ್ತೇವೆ. 20 ನಿಮಿಷ ಬಹಳ ಉದ್ದ, ಗಡಿಯಾರ ನೋಡಿಕೊಂಡೇ ನಿಲ್ಲಬೇಕು. ಲೋಳೆಸರದ ಸರದಿ ಅದಾದ ಮೇಲೆ, ಅದೂ ಚರ್ಮ ಬರೀ ಕೆಂಪಾಗಿದ್ದರೆ ಮಾತ್ರ. ಎಲೆ ಕತ್ತರಿಸಿದಾಗ ಸಿಪ್ಪೆಯ ಕೆಳಗಿನಿಂದ ಹಳದಿ ಹಾಲು ಒಸರುತ್ತದೆ. ಎಲೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಅದನ್ನು ಇಳಿಸಿ, ತೊಳೆದು, ಒಳಗಿನ ತಿಳಿ ಲೋಳೆಯನ್ನಷ್ಟೇ ಹಚ್ಚುತ್ತೇನೆ. ಆ ಹಳದಿ ಹಾಲು ಜೋರು ಭೇದಿ ಮಾಡಿಸುತ್ತದೆ. ಜ್ಯೂಸ್ ಮಾಡಿ ಕುಡಿಯುವವರು ಇದನ್ನು ಗಮನಿಸಬೇಕು.

ಹಲ್ಲುನೋವಿಗೆ ಲವಂಗ ಕಚ್ಚಿಕೊಂಡರೆ ಮರಗಟ್ಟುತ್ತದೆ, ಅದು ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್‌ನ ಕೆಲಸ. ಹುಳುಕು ಹಾಗೇ ಇರುತ್ತದೆ. ಡೆಂಟಿಸ್ಟ್ ಹತ್ತಿರ ಹೋಗುವವರೆಗಿನ ಮದ್ದು ಅಷ್ಟೇ. ಮಲಬದ್ಧತೆಗೆ ಇಸಬ್ಗೋಲ್ ತುಂಬಾ ಸರಳ, ಆದರೆ ದೊಡ್ಡ ಲೋಟ ನೀರಿನ ಜೊತೆಗೇ. ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು.

ಗಿಡದ ಮದ್ದಿಗೆ ಸೈಡ್ ಎಫೆಕ್ಟ್ ಇಲ್ಲ ಅನ್ನುವ ಮಾತಿನ ಜೊತೆ ನಾನು ಜಗಳ ಆಡುತ್ತಲೇ ಇರುತ್ತೇನೆ. ಅಮ್ಮನಿಗೆ ಗಂಟಲು ಕೆರೆತಕ್ಕೆ ಅತಿಮಧುರದ ಚೂರು ಬಾಯಲ್ಲಿಟ್ಟುಕೊಳ್ಳುವುದು ಇಷ್ಟ. ಅವರಿಗೆ ಬಿಪಿ ಇದೆ, ದಿನಾ ಮಾತ್ರೆ ತೆಗೆದುಕೊಳ್ಳುತ್ತಾರೆ.

"ಬೇರು ತಾನೇ, ಅದರಿಂದ ಏನಾಗುತ್ತೆ, ಸುಮ್ನಿರು" ಅಂದರು.

"ಅಮ್ಮಾ, ಅದರಲ್ಲಿರೋ ಗ್ಲಿಸಿರೈಜಿನ್ ಉಪ್ಪು ನೀರನ್ನ ಮೈಯಲ್ಲೇ ಹಿಡಿದಿಡುತ್ತೆ. ಬಿಪಿ ಏರುತ್ತೆ, ಪೊಟ್ಯಾಸಿಯಮ್ ಇಳಿಯುತ್ತೆ. ಉಪ್ಪಿನಕಾಯಿ ಬಿಟ್ಟಿರೋರು ಇದನ್ನ ಯಾಕೆ ತಿಂತೀರಿ?"

ಪೊಟ್ಯಾಸಿಯಮ್ ಅವರಿಗೆ ನಾಟಲಿಲ್ಲ. ಉಪ್ಪಿನಕಾಯಿ ನಾಟಿತು. ಈಗ ಸೋಂಪಿನ ನೀರು ಕುಡಿಯುತ್ತಾರೆ.

ಇದೇ ರೀತಿ ಸಕ್ಕರೆ ಕಾಯಿಲೆಯ ಮಾತ್ರೆ ಜೊತೆ ಮೆಂತ್ಯವನ್ನು ಚಮಚಗಟ್ಟಲೆ ತಿಂದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಇಳಿಯಬಹುದು. ಅರಿಶಿನಕ್ಕೆ ಕಾಳುಮೆಣಸು ಸೇರಿಸಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ ಅನ್ನುತ್ತಾರಲ್ಲ, ಅದು ನಿಜ. ಆದರೆ ಮೆಣಸಿನ ಪೈಪರಿನ್ ಕೆಲವು ಮಾತ್ರೆಗಳನ್ನೂ ಹಾಗೇ ಜಾಸ್ತಿ ಹತ್ತಿಸಬಹುದು. ಅಂದರೆ ಡಾಕ್ಟರು ಕೊಟ್ಟ ಡೋಸ್ ಮನೆಯಲ್ಲೇ ಬದಲಾಗಿಬಿಡುತ್ತದೆ.

ಸಿದ್ಧ ಪುಡಿಗಳನ್ನು ನಾನು ಆದಷ್ಟು ಕೊಳ್ಳುವುದಿಲ್ಲ. ಎಲೆ, ಬೇರು ಇಡಿಯಾಗಿದ್ದರೆ ಇದು ಅದೇ ಹೌದೋ ಅಲ್ಲವೋ ಅಂತ ಕಣ್ಣು, ಮೂಗು ಹೇಳುತ್ತವೆ. ಪುಡಿಯಾದ ಮೇಲೆ ಎಲ್ಲವೂ ಒಂದೇ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮದ್ದಿನಲ್ಲಿ ಒಂದು ಗಿಡದ ಬದಲು ಅರಿಸ್ಟೊಲೋಕಿಯಾ ಅನ್ನುವ ಇನ್ನೊಂದು ಗಿಡ ಸೇರಿ ಎಷ್ಟೋ ಜನರ ಕಿಡ್ನಿ ಹಾಳಾಯಿತು. ಮದ್ದು ಕೊಟ್ಟವರಿಗೂ ತೆಗೆದುಕೊಂಡವರಿಗೂ ಬದಲಾಗಿದ್ದು ತಿಳಿದಿರಲಿಲ್ಲ.

ತುಳಸಿ, ಪುದೀನಾ ಹೆಚ್ಚು ಚಿಗುರಿದಾಗ ನೆರಳಲ್ಲಿ ಒಣಗಿಸುತ್ತೇನೆ. ಬಿಸಿಲಲ್ಲಿ ಬಣ್ಣವೂ ವಾಸನೆಯೂ ಹೋಗುತ್ತದೆ. ಹಿಡಿದರೆ ಚರಚರ ಅಂತ ಪುಡಿಯಾಗಬೇಕು, ಇನ್ನೂ ಮೆತ್ತಗಿದ್ದರೆ ಬೂಸ್ಟು ಹಿಡಿಯುತ್ತದೆ. ಗಾಜಿನ ಡಬ್ಬಿಯಲ್ಲಿ ತುಂಬಿ, ಹೆಸರು, ತಿಂಗಳು ಬರೆದು ಅಂಟಿಸುತ್ತೇನೆ. ವರ್ಷ ಕಳೆದದ್ದು ಗಿಡದ ಬುಡಕ್ಕೆ. ಮಾಡಿದ ಕಷಾಯ ಅವತ್ತಿಂದವತ್ತಿಗೇ ಮುಗಿಯಬೇಕು.

ಜೊತೆಗೊಂದು ನೋಟ್ ಪುಸ್ತಕ ಇದೆ. ಯಾರಿಗೆ, ಏನು ತೊಂದರೆ, ಏನು ಕೊಟ್ಟೆ, ಎಷ್ಟು, ಆಮೇಲೆ ಏನಾಯಿತು, ಇಷ್ಟು ಬರೆಯುತ್ತೇನೆ. ಒಂದು ಸಲಕ್ಕೆ ಒಂದೇ ಮೂಲಿಕೆ. ಐದಾರು ಸೇರಿಸಿ ಕುಡಿಸಿದರೆ ಗುಣ ಯಾವುದರಿಂದ ಬಂತು, ತುರಿಕೆ ಎದ್ದರೆ ಅದು ಯಾವುದರಿಂದ ಅನ್ನುವುದು ತಿಳಿಯುವುದೇ ಇಲ್ಲ. ಪುಸ್ತಕದ ಮೊದಲ ಪುಟದಲ್ಲಿ ಮದ್ದು ನಿಲ್ಲಿಸಿ ಹೊರಡಬೇಕಾದ ಸಂದರ್ಭಗಳಿವೆ. ಮೂರು ದಿನವಾದರೂ ಬಿಡದ ಜ್ವರ, ಏದುಸಿರು, ಎದೆನೋವು, ಕಫದಲ್ಲಿ ಅಥವಾ ಮಲದಲ್ಲಿ ರಕ್ತ, ಕತ್ತು ಬಗ್ಗಿಸಲಾಗದ ತಲೆನೋವು, ಮೂತ್ರ ನಿಂತುಹೋಗುವುದು, ಮೂರು ವಾರ ದಾಟಿದ ಕೆಮ್ಮು. ಮೂರು ತಿಂಗಳೊಳಗಿನ ಮಗುವಿಗೆ ಯಾವ ಜ್ವರ ಬಂದರೂ ಅವತ್ತೇ ಆಸ್ಪತ್ರೆ.

ಡಾಕ್ಟರ ಹತ್ತಿರ ಹೋಗುವಾಗ ಆ ಪುಸ್ತಕವನ್ನೂ ಒಯ್ಯುತ್ತೇನೆ. ಬೈಯುತ್ತಾರೇನೋ ಅಂತ ಮುಚ್ಚಿಡುವವರು ಬಹಳ. ಬೈದರೂ ಪರವಾಗಿಲ್ಲ, ಹೇಳಿಬಿಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಆಪರೇಷನ್ ಇರುವವರು ಬೆಳ್ಳುಳ್ಳಿ, ಶುಂಠಿ, ಅರಿಶಿನದ ಕ್ಯಾಪ್ಸೂಲ್‌ಗಳ ಬಗ್ಗೆ ಎರಡು ವಾರ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು, ರಕ್ತ ಹೆಪ್ಪುಗಟ್ಟುವುದನ್ನು ಅವು ನಿಧಾನ ಮಾಡಬಹುದು. ಅಡುಗೆಗೆ ಹಾಕುವ ಅಷ್ಟಿಷ್ಟಕ್ಕೆ ಚಿಂತೆ ಬೇಡ. ಮದ್ದು ಅಂತ ಅಳತೆ ಮಾಡಿ ದಿನಾ ತೆಗೆದುಕೊಳ್ಳುವುದೇ ಇಲ್ಲಿ ಲೆಕ್ಕಕ್ಕೆ ಬರುವುದು.