ನಾರ್ಡೆನ್ ಕೋಟೆಯನ್ನು ನಡೆದು ನೋಡುವ ಕ್ರಮ

ಆಮ್‌ಸ್ಟರ್‌ಡ್ಯಾಮ್‌ನಿಂದ ಆಗ್ನೇಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ನಾರ್ಡೆನ್, ಆರು ಕೊತ್ತಲಗಳೂ (ಗೋಡೆಯಿಂದ ಹೊರಚಾಚಿದ ಮೂಲೆಗಳು) ಎರಡು ಸುತ್ತಿನ ಕಂದಕವೂ ಇರುವ ನಕ್ಷತ್ರಾಕಾರದ ಕೋಟೆಯೂರು. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಅದರ ಅಂದವನ್ನು ಕಂಡು ಬರುವವರೇ ಹೆಚ್ಚು. ಆದರೆ ಅಲ್ಲಿನ ಒಂದೊಂದು ಮೂಲೆಯನ್ನೂ ಗುಂಡು ಹಾಯುವ ದಾರಿಯ ಲೆಕ್ಕ ಹಾಕಿ ಕಟ್ಟಿದ್ದಾರೆಂಬುದು ನೆಲದ ಮೇಲೆ ನಡೆದಾಗ ಮಾತ್ರ ತಿಳಿಯುತ್ತದೆ. ಆದುದರಿಂದ ನೇರವಾಗಿ ಊರೊಳಗಿನ ಅಂಗಡಿಬೀದಿಗೆ ಹೋಗದೆ, ಹೊರಗಂದಕದ ದಂಡೆಯಿಂದ, ಅಂದರೆ ಮುತ್ತಿಗೆ ಹಾಕಲು ಬಂದ ಸೈನಿಕ ನಿಲ್ಲುತ್ತಿದ್ದ ಕಡೆಯಿಂದ, ನೋಟವನ್ನು ಆರಂಭಿಸಬೇಕು.

ಅಲ್ಲಿ ನಿಂತಾಗ ಮೊದಲು ಗಮನಿಸಬೇಕಾದದ್ದು ಗೋಡೆಯ ಎತ್ತರವನ್ನಲ್ಲ, ಅದರ ತಗ್ಗನ್ನು. ಎತ್ತರದ ಕಲ್ಲುಗೋಡೆ ಫಿರಂಗಿಗೆ ಸುಲಭದ ಗುರಿಯಾಗಿ ಸಿಡಿದು ಬೀಳುತ್ತದೆ. ಹುಲ್ಲು ಬೆಳೆದ ದಪ್ಪ ಮಣ್ಣಿನ ದಿಬ್ಬವಾದರೋ ಗುಂಡನ್ನು ತನ್ನೊಳಗೇ ಹೂತುಕೊಳ್ಳುತ್ತದೆ. ಬಳಿಕ ಕಂದಕದ ನಡುವಿನ ತ್ರಿಕೋನ ದ್ವೀಪಗಳನ್ನು ನೋಡಿ. ಎರಡು ಕೊತ್ತಲಗಳ ನಡುವಿನ ನೇರಗೋಡೆಗೆ ಮರೆಯಾಗಿರುವ ಇವುಗಳಿಗೆ ರಾವೆಲಿನ್ ಎನ್ನುತ್ತಾರೆ. ಶತ್ರು ಇಂಥ ದ್ವೀಪವೊಂದನ್ನು ವಶಪಡಿಸಿಕೊಂಡರೂ ಅದರ ಹಿಂಬದಿ ಬಯಲಾಗಿರುವುದರಿಂದ, ಒಳಕೋಟೆಯ ಗುಂಡಿಗೆ ಅವನು ಎದೆಯೊಡ್ಡಲೇಬೇಕು.

ಈಗ ಒಳಕೋಟೆಯ ದಿಬ್ಬವನ್ನು ಹತ್ತಿ, ಒಂದು ಕೊತ್ತಲದ ಪಕ್ಕದ ಅಂಚಿಗೆ ಹೋಗಿ, ಪಕ್ಕದ ಕೊತ್ತಲದ ಕಡೆಗೆ ನೋಡಬೇಕು. ಇಡೀ ಕೋಟೆಯ ಗುಟ್ಟು ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ದುಂಡನೆಯ ಬುರುಜಿನ ಬುಡಕ್ಕೆ ತಲುಪಿದ ಶತ್ರು ಮೇಲಿನವರ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಪಕ್ಕದ ಕೊತ್ತಲದ ಗೋಡೆ ಬುಡದಿಂದ ತುದಿಯವರೆಗೂ ನಿಮ್ಮ ಕಣ್ಣಿನ ನೇರಕ್ಕೆ ಇರುತ್ತದೆ, ಅಡಗಲು ಒಂದಡಿ ಜಾಗವೂ ಉಳಿಯುವುದಿಲ್ಲ. ಪ್ರತಿಯೊಂದು ಕೊತ್ತಲವೂ ತನ್ನನ್ನಲ್ಲ, ನೆರೆಯ ಕೊತ್ತಲವನ್ನು ಕಾಯುತ್ತದೆ. ಸಕಲೇಶಪುರದ ಬಳಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಮಂಜರಾಬಾದ್ ಕೋಟೆಯನ್ನು ಕಂಡವರಿಗೆ ಈ ತರ್ಕ ಬೇಗ ಹಿಡಿಯುತ್ತದೆ, ಏಕೆಂದರೆ ಅದೂ ಯುರೋಪಿನ ಇದೇ ನಕ್ಷತ್ರಕೋಟೆಯ ಪದ್ಧತಿಯಿಂದ ಬಂದದ್ದು; ಅಲ್ಲಿ ಗುಡ್ಡ ಕಾಯುತ್ತಿತ್ತು, ಇಲ್ಲಿ ನೀರು.

ಇಷ್ಟೆಲ್ಲ ಏರ್ಪಾಡು ಯಾಕೆಂದರೆ, ಪೂರ್ವದಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುವ ದಾರಿಯನ್ನು ಈ ಊರು ಕಾಯುತ್ತಿತ್ತು. 1672ರಲ್ಲಿ ಫ್ರೆಂಚರು ಇದನ್ನು ಹಿಡಿದರು, ಮರುವರ್ಷ ಡಚ್ಚರ ನಾಯಕ ಮೂರನೆಯ ವಿಲಿಯಂ ಮರಳಿ ಗೆದ್ದುಕೊಂಡನು. ಇಂದು ಕಾಣುವ ಕೋಟೆಯ ರೂಪ ಆ ಸೋಲಿನಿಂದ ಕಲಿತ ಪಾಠದ ಫಲವಾಗಿ ಮುಂದಿನ ವರ್ಷಗಳಲ್ಲಿ ಮೂಡಿದ್ದು. 1814ರಲ್ಲಿ ನೆಪೋಲಿಯನ್ ಏಪ್ರಿಲ್‌ನಲ್ಲಿ ಪಟ್ಟ ಬಿಟ್ಟುಕೊಟ್ಟ ಮೇಲೂ ಆಗ ಊರನ್ನು ಮತ್ತೆ ಹಿಡಿದುಕೊಂಡಿದ್ದ ಫ್ರೆಂಚ್ ಕಾವಲುಪಡೆ ಮೇ ತಿಂಗಳವರೆಗೆ ಬಾಗಿಲು ತೆರೆಯಲಿಲ್ಲವೆಂಬುದು ಈ ಕಟ್ಟೋಣದ ಗಟ್ಟಿತನಕ್ಕೆ ಸಾಕ್ಷಿ.

ದಿಬ್ಬದ ಸುತ್ತು ಮುಗಿದ ಮೇಲೆ ಟರ್ಫ್‌ಪೋರ್ಟ್ ಕೊತ್ತಲದಲ್ಲಿರುವ ಕೋಟೆ ವಸ್ತುಸಂಗ್ರಹಾಲಯಕ್ಕೆ ಹೋಗಿ. ಮೇಲೆ ನಿಂತು ನೋಡಿದ ದಿಬ್ಬದ ಹೊಟ್ಟೆಯೊಳಗೆ ಇಟ್ಟಿಗೆಯ ಕಮಾನುಕೋಣೆಗಳಿವೆ. ಶತ್ರುವಿನ ಸದ್ದನ್ನು ಕಿವಿಗೊಟ್ಟು ಕೇಳಲೆಂದೇ ಮಾಡಿದ ಇಕ್ಕಟ್ಟಾದ ಸುರಂಗವೂ ಇದೆ. ಕೆಲವು ನಿಗದಿತ ದಿನಗಳಲ್ಲಿ ಹಳೆಯ ಸಮವಸ್ತ್ರ ತೊಟ್ಟ ಸ್ವಯಂಸೇವಕರು ಫಿರಂಗಿ ಹಾರಿಸಿ ತೋರಿಸುತ್ತಾರೆ. ಆ ದಿನಗಳನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಲೇಸು.

ಊರೊಳಗೆ ಟರ್ಫ್‌ಪೋರ್ಟ್ ಬೀದಿಯ ‘ಸ್ಪ್ಯಾನಿಷ್ ಮನೆ’ಯನ್ನು ಮಾತ್ರ ಬಿಡಬೇಡಿ. 1572ರ ಡಿಸೆಂಬರ್ 1ರಂದು ಸ್ಪೇನಿನ ದೊರೆಯ ಪರವಾಗಿ ಈ ನಾಡನ್ನು ಆಳುತ್ತಿದ್ದ ಆಲ್ಬಾ ಡ್ಯೂಕನ ಮಗ ಡಾನ್ ಫಾದ್ರಿಕೆಯ ಸೈನ್ಯ ಊರವರನ್ನು ಕೊಂದು ಊರಿಗೆ ಬೆಂಕಿಯಿಟ್ಟ ದೃಶ್ಯವನ್ನು ಅದರ ಮುಂಗೋಡೆಯ ಕಲ್ಲುಗಳಲ್ಲಿ ಕೆತ್ತಲಾಗಿದೆ. ಕೋಟೆಯ ಜಾಣ್ಮೆಯನ್ನು ಮೆಚ್ಚುತ್ತಾ ಬಂದವರು ಈ ಕೆತ್ತನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು, ಏಕೆಂದರೆ ಗೋಡೆ ಸೋತಾಗ ಒಳಗಿದ್ದವರ ಗತಿ ಏನಾಗುತ್ತಿತ್ತೆಂಬುದನ್ನು ಕೊತ್ತಲಗಳು ಹೇಳುವುದಿಲ್ಲ.

ದೂರಗಾಮಿ ಫಿರಂಗಿಗಳು ಬಂದ ಮೇಲೆ ಇಂಥ ಗೋಡೆಗಳ ಬೆಲೆ ಕುಗ್ಗುತ್ತಾ ಹೋಗಿ, 1926ರಲ್ಲಿ ನಾರ್ಡೆನ್‌ನ ಕೋಟೆ ಸ್ಥಾನಮಾನವೇ ರದ್ದಾಯಿತು. ಸಮಯವಿದ್ದರೆ ಅಲ್ಲಿಂದ ಸೈಕಲ್ಲಿನಲ್ಲಿ ಸಮೀಪದ ಮೌಡೆನ್‌ಗೆ ಹೋಗಿ ಅಲ್ಲಿನ ನೀರುಬಾಗಿಲುಗಳನ್ನು ನೋಡಬೇಕು. ನಾರ್ಡೆನ್ ಒಂಟಿ ಕೋಟೆಯಲ್ಲ. ಬಯಲುಗಳಿಗೆ ನೀರು ನುಗ್ಗಿಸಿ, ದೋಣಿ ಸಾಗಲು ಸಾಲದಷ್ಟು, ಕಾಲ್ನಡಿಗೆಗೆ ಕಷ್ಟವಾಗುವಷ್ಟು ಆಳದಲ್ಲಿ ನಿಲ್ಲಿಸುತ್ತಿದ್ದ ಹಾಲೆಂಡಿನ ಜಲರೇಖೆಯ ಒಂದು ಕೊಂಡಿ ಅದು. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಆ ಇಡೀ ಜಲರೇಖೆಯೇ.