ಟೊಮೆಟೊ ಸೊರಗುವ ಮುಂಚೆಯೇ ಮಣ್ಣಿಗೆ ಮದ್ದು

ಕೋಲಾರ, ಚಿಂತಾಮಣಿ ಕಡೆ ಟೊಮೆಟೊ ಬೆಳೆಯುವವರಿಗೆ ಇದು ಹೊಸದಲ್ಲ. ಗಿಡ ಸೊಂಪಾಗಿ ಬಂದಿರುತ್ತದೆ, ಕಾಯಿ ಕಟ್ಟಲು ಶುರುವಾಗಿರುತ್ತದೆ, ಅಷ್ಟರಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಾಡುತ್ತದೆ. ಅಂಗಡಿಗೆ ಓಡಿ ಔಷಧಿ ತಂದು ಬುಡಕ್ಕೆ ಸುರಿಯುತ್ತೇವೆ. ಬಾಡಿದ ಗಿಡ ಮಾತ್ರ ಏಳುವುದಿಲ್ಲ. ಗಿಡ ಬಾಡಿಸುವ ಮಣ್ಣಿನ ಶಿಲೀಂಧ್ರವನ್ನು, ಅಂದರೆ ಬೂಸ್ಟಿನ ಜಾತಿಯ ಜೀವಿಯನ್ನು, ಹದ್ದುಬಸ್ತಿನಲ್ಲಿ ಇಡುವ ಕೆಲಸ ನಾಟಿಗೆ ಮುಂಚೆ, ಬೇಸಿಗೆಯಲ್ಲೇ ಆಗಬೇಕು.

ಮೊದಲು ರೋಗ ಯಾವುದು ನೋಡಿ

ಬಾಡಿದ ಗಿಡವನ್ನು ಬೇರುಸಮೇತ ಕೀಳಿ. ಬುಡದ ಕಾಂಡದ ಒಂದು ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅದರ ತುದಿ ಮುಳುಗುವಂತೆ ಹಿಡಿಯಿರಿ. ಅಲುಗಾಡಿಸಬೇಡಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಬೆಳ್ಳನೆಯ ಎಳೆ ನೀರಿಗೆ ಇಳಿದರೆ ಅದು ಬ್ಯಾಕ್ಟೀರಿಯಾ ಸೊರಗು. ಅದಕ್ಕೆ ಶಿಲೀಂಧ್ರನಾಶಕ ಹಾಕುವುದು ನೀರಲ್ಲಿ ಹೋಮ ಮಾಡಿದ ಹಾಗೆ.

ಎಳೆ ಬರಲಿಲ್ಲ, ಕೆಳಗಿನ ಎಲೆಗಳು ಮೊದಲು ಹಳದಿಯಾಗಿವೆ, ಕಾಂಡ ಉದ್ದಕ್ಕೆ ಸೀಳಿದರೆ ಸಿಪ್ಪೆಯ ಒಳಗೆ ಕಂದು ಗೆರೆ ಇದೆ ಅಂದರೆ ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಸೊರಗು ಇರಬಹುದು. ಬುಡದಲ್ಲಿ ಬಿಳಿ ಬೂಸ್ಟು, ಅದರ ನಡುವೆ ಸಾಸಿವೆ ಗಾತ್ರದ ಕಂದು ಕಾಳು ಕಂಡರೆ ಅದು ಸ್ಕ್ಲೆರೋಶಿಯಂ ಎಂಬ ಶಿಲೀಂಧ್ರ ತರುವ ಬುಡ ಕೊಳೆ. ಆ ಕಾಳುಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಬದುಕುತ್ತವೆ. ಅನುಮಾನ ಇದ್ದರೆ ಗಿಡವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

ಬಿಸಿಲಿಗೆ ಕೆಲಸ ಕೊಡಿ

ಏಪ್ರಿಲ್–ಮೇ ತಿಂಗಳಲ್ಲಿ ಹೊಲ ಉತ್ತು, ಹೆಂಟೆ ಒಡೆದು ಮಟ್ಟ ಮಾಡಿ. ಚೆನ್ನಾಗಿ ನೀರು ಕೊಡಿ. ಒಣ ಮಣ್ಣಿಗಿಂತ ಒದ್ದೆ ಮಣ್ಣಿನಲ್ಲಿ ಬಿಸಿ ಬೇಗ ಕೆಳಗೆ ಇಳಿಯುತ್ತದೆ, ಶಿಲೀಂಧ್ರವೂ ಬೇಗ ಸಾಯುತ್ತದೆ. ಮೇಲೆ 25ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂಳಿ. 4ರಿಂದ 6 ವಾರ ಹಾಗೇ ಬಿಡಿ. ಮಲ್ಚಿಂಗ್‌ನ ಕಪ್ಪು ಹಾಳೆ ಮಿಕ್ಕಿದೆ ಅಂತ ಅದನ್ನೇ ಹೊದಿಸಬೇಡಿ, ಅದರಡಿ ಮಣ್ಣು ಅಷ್ಟು ಕಾಯುವುದಿಲ್ಲ. 1976ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಪ್ರಕಟಿಸಿದ ಉಪಾಯ ಇದು. ನಮ್ಮ ಬಯಲುಸೀಮೆಯ ಬೇಸಿಗೆಗೆ ಹೇಳಿ ಮಾಡಿಸಿದಂತಿದೆ.

ಎಕರೆಗಟ್ಟಲೆ ಹೊದಿಸಲು ಖರ್ಚು ಜಾಸ್ತಿ. ಸಸಿಮಡಿಗೆ ಮತ್ತು ಕಳೆದ ವರ್ಷ ಗಿಡ ಸತ್ತ ಜಾಗಗಳಿಗೆ ಮಾಡಿದರೂ ಸಾಕು. ಹಾಳೆ ತೆಗೆದ ಮೇಲೆ ಆಳವಾಗಿ ಉಳಬೇಡಿ. ಕೆಳಗಿನ ರೋಗದ ಮಣ್ಣು ಮೇಲೆ ಬಂದರೆ ಪಟ್ಟ ಶ್ರಮವೆಲ್ಲ ವ್ಯರ್ಥ, ಅಲ್ವಾ?

ಗೊಬ್ಬರದಲ್ಲಿ ಟ್ರೈಕೋಡರ್ಮಾ ಬೆಳೆಸಿ

ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಆದರೆ ರೋಗದ ಶಿಲೀಂಧ್ರವನ್ನು ತಿನ್ನುವಂಥದ್ದು. ಪ್ಯಾಕೆಟ್ ತಂದು ಹೊಲಕ್ಕೆ ಸುಮ್ನೆ ಎರಚಿದರೆ ಅದು ಬೆಳೆದು ಹೆಚ್ಚಲು ಬೇಕಾದಷ್ಟು ಆಹಾರ ಸಿಗುವುದಿಲ್ಲ. ಚೆನ್ನಾಗಿ ಕಳಿತ 100 ಕೆಜಿ ಕೊಟ್ಟಿಗೆ ಗೊಬ್ಬರಕ್ಕೆ 1 ಕೆಜಿ ಟ್ರೈಕೋಡರ್ಮಾ ಬೆರೆಸಿ. 10 ಕೆಜಿ ಬೇವಿನ ಹಿಂಡಿ ಸೇರಿಸಿದರೆ ಇನ್ನೂ ಒಳ್ಳೆಯದು. ನೆರಳಲ್ಲಿ ರಾಶಿ ಹಾಕಿ, ನೀರು ಚಿಮುಕಿಸಿ, ಒದ್ದೆ ಗೋಣಿಚೀಲ ಮುಚ್ಚಿ. ಒಂದು ಹಿಡಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಸೋರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ತಿರುವಿ ಹಾಕಿ. ಒಂದೆರಡು ವಾರದಲ್ಲಿ ಬಿಳಿ, ಆಮೇಲೆ ಹಸಿರು ಬೂಸ್ಟು ಕಾಣುತ್ತದೆ. ಅದು ಗೊಬ್ಬರ ಕೆಟ್ಟಿದ್ದಲ್ಲ, ಸಿದ್ಧವಾಗಿದ್ದು. ನಾಟಿ ಸಾಲಿಗೆ ಹಾಕಿ ಮಣ್ಣು ಮುಚ್ಚಿ.

ಪ್ಯಾಕೆಟ್ ಮೇಲಿನ ತಾರೀಖು ನೋಡದೆ ಕೊಳ್ಳಬೇಡಿ. ಒಳಗಿರುವುದು ಜೀವಿ. ಬಿಸಿಲಲ್ಲಿ ಇಟ್ಟರೆ ಸಾಯುತ್ತದೆ, ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕದ ಜೊತೆ ಬೆರೆಸಿದರೂ ಸಾಯುತ್ತದೆ. ರಾಸಾಯನಿಕ ಹಾಕಲೇಬೇಕಾದರೆ ಎರಡರ ನಡುವೆ 15 ದಿನವಾದರೂ ಬಿಡಿ.

ಬೆಳೆ ಬದಲಿಸಿ, ನೀರು ನಿಲ್ಲಿಸಬೇಡಿ

ಟೊಮೆಟೊ ಕಿತ್ತು ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕುವುದನ್ನು ಬೆಳೆ ಬದಲಾವಣೆ ಅನ್ನಲಾಗದು, ಎಲ್ಲವೂ ಒಂದೇ ಕುಟುಂಬ. ರಾಗಿ ಅಥವಾ ಮುಸುಕಿನ ಜೋಳ ಎರಡು ಮೂರು ವರ್ಷ ಬರಲಿ. ರಾಗಿಯಲ್ಲಿ ಟೊಮೆಟೊ ದುಡ್ಡು ಬರುವುದಿಲ್ಲ, ನಿಜ. ಅದಕ್ಕೇ ಜಮೀನನ್ನು ಮೂರು ಭಾಗ ಮಾಡಿ, ಟೊಮೆಟೊವನ್ನು ಸರದಿಯ ಮೇಲೆ ತಿರುಗಿಸುವುದು ಲೇಸು.

ಸಸಿಮಡಿ ನೆಲಕ್ಕಿಂತ ಎತ್ತರ ಇರಲಿ, ಬೀಜ ತೆಳ್ಳಗೆ ಬಿತ್ತಿ. ನೀರು ನಿಂತ ಮಡಿಯಲ್ಲೇ ಎಳೆ ಸಸಿಗಳು ಬುಡ ಕೊಳೆತು ಸಾಲಾಗಿ ಮಲಗುವುದು. ಹೊಲದಲ್ಲಿ ಏರುಮಡಿ, ಹನಿ ನೀರಾವರಿ ಇದ್ದರೆ ಒಳ್ಳೆಯದು.

ಇಷ್ಟಾದ ಮೇಲೂ ಕೆಲವು ಗಿಡ ಸೊರಗಿದರೆ, ಬುಡದ ಮಣ್ಣು ಸಮೇತ ಚೀಲಕ್ಕೆ ತುಂಬಿ ಹೊಲದಿಂದ ಆಚೆ ಒಯ್ದು ಗಿಡ ಸುಡಿ. ತಿಪ್ಪೆಗೆ ಹಾಕಿದರೆ ಮುಂದಿನ ವರ್ಷ ಗೊಬ್ಬರದ ಜೊತೆ ರೋಗವೂ ವಾಪಸ್ ಬರುತ್ತದೆ. ಕಾಲುವೆ ನೀರು ಹಾಯಿಸುವವರು ಗಿಡ ಸೊರಗಿದ ಸಾಲಿಗೆ ಕೊನೆಯಲ್ಲಿ ನೀರು ಬಿಡಿ. ಬಾಡಿಗೆ ಟ್ರ್ಯಾಕ್ಟರ್ ಬಂದರೆ, ಅದನ್ನು ಹೊಲಕ್ಕೆ ಇಳಿಸುವ ಮುಂಚೆ ರೋಟವೇಟರ್ ಬ್ಲೇಡಿಗೆ ಅಂಟಿದ ಪಕ್ಕದೂರಿನ ಮಣ್ಣನ್ನು ತೊಳೆಸಿ.